ಮಹಾದೇವಕ್ಕನ ದೋಣಿಗೊಂದು ಚಾರ್ಜರ್

ನವೆಂಬರ್ ೧೦, ೧೯೮೬, ಸೋಮವಾರ. ಸಂಶಿ

ಸೊಸೈಟಿಯವರು ಜನವರಿಯಲ್ಲಿ ಕೊಟ್ಟ ಈ ಡೈರಿ ಇಲ್ಲಿಯವರೆಗೆ ಖಾಲಿ ಬಿದ್ದಿತ್ತು. ಇವತ್ತು ತೆಗೆದಿದ್ದೇನೆ. ಒಂದು ಮಾತನ್ನು ಎಲ್ಲಾದರೂ ಹೇಳಲೇಬೇಕಾಗಿದೆ, ಹೇಳಲಿಕ್ಕೆ ಮನುಷ್ಯರು ಯಾರೂ ಇಲ್ಲ.

ಬೆಳಿಗ್ಗೆ ಸೊಸೈಟಿಯ ಕಟ್ಟೆಯ ಮೇಲೆ ಕುಳಿತಿದ್ದೆವು. ಅಧ್ಯಕ್ಷರಾದ ಶಂಭುಲಿಂಗಪ್ಪನವರು ತಮ್ಮ ಅಕ್ಕನ ಪತ್ರ ಹಿಡಿದುಕೊಂಡು ಬಂದರು. ಅಕ್ಕ ಅಂದರೆ ಮಹಾದೇವಕ್ಕ, ಕಾರವಾರದಲ್ಲಿ ಹೆರಿಗೆ ಡಾಕ್ಟರು. ಮದುವೆ ಮಾಡಿಕೊಳ್ಳಲಿಲ್ಲ, ದೋಣಿ ಮಾಡಿಕೊಂಡರು ಎಂದು ಊರಲ್ಲಿ ನಗುತ್ತಾರೆ. ಹಾಯಿ ಕಟ್ಟಿ ಗಾಳಿಗೆ ಓಡಿಸುವ ದೋಣಿ. ಓಡಿಸುವುದು ಭಾನುವಾರ ಮಾತ್ರ. ಉಳಿದ ಆರು ದಿನ ಅದು ದಂಡೆಯ ಧಕ್ಕೆಗೆ ಕಟ್ಟಿಸಿಕೊಂಡು ನಿಂತಿರುತ್ತದೆ. ಒಳಗೆ ಎರಡು ಬ್ಯಾಟರಿ: ಒಂದು ದೀಪಕ್ಕೆ, ಇನ್ನೊಂದು ಸಣ್ಣ ಇಂಜಿನ್ ಚಾಲೂ ಮಾಡಲಿಕ್ಕೆ. ಧಕ್ಕೆಯ ಶೆಡ್ಡಿನಿಂದ ಕರೆಂಟಿನ ವೈರ್ ಎಳೆದು ಅವನ್ನು ಚಾರ್ಜ್ ಮಾಡುತ್ತಿದ್ದ ಯಂತ್ರ ಸುಟ್ಟು ಹೋಗಿದೆಯಂತೆ. ಇನ್ನು ಯಾವ ಚಾರ್ಜರ್ ತರಬೇಕು, ಊರಲ್ಲಿ ನೇವಿಯ ಮಡಿವಾಳೆಪ್ಪ ಇದ್ದಾನಲ್ಲ, ಅವನನ್ನು ಕೇಳು ಎಂದು ಬರೆದಿದ್ದಾರೆ.

ಎಲ್ಲರೂ ನನ್ನ ಕಡೆ ನೋಡಿದರು.

"ಏನಂತೀರಿ ಮಡಿವಾಳೆಪ್ಪನವರ?" ಎಂದರು ಶಂಭುಲಿಂಗಪ್ಪನವರು.

ಬಲ್ಲವರು ಎಷ್ಟು ಹೊತ್ತು ಕಣ್ಣು ಮುಚ್ಚುತ್ತಾರೋ ಅಷ್ಟು ಹೊತ್ತು ಮುಚ್ಚಿದೆ. "ಮೂವತ್ತು ಆಂಪಿಯರ್," ಎಂದೆ. "ಅದಕ್ಕ ಕಡಿಮಿ ನಡಿಯೂದಿಲ್ರಿ. ಸಮುದ್ರ ಐತಿ."

"ಸಮುದ್ರ ಅಂದಮ್ಯಾಲ ಅಷ್ಟು ಬೇಕ ಬೇಕ," ಎಂದ ಕುರಿ ಮಾಳಪ್ಪ. ಅವನು ಕೆರೆಗಿಂತ ದೊಡ್ಡ ನೀರು ನೋಡಿದವನಲ್ಲ.

ಈಗ ನಿಜ ಬರೆಯುತ್ತೇನೆ. ಆಂಪಿಯರ್ ಅಂದರೆ ಏನೆಂದು ನನಗೆ ಗೊತ್ತಿಲ್ಲ. ನೇವಿಯಲ್ಲಿ ಹದಿನೈದು ವರ್ಷ ನಾನು ಸ್ಟೀವರ್ಡ್ ಆಗಿದ್ದೆ. ಅಂದರೆ ಆಫೀಸರುಗಳ ಮೆಸ್ಸಿನಲ್ಲಿ ಚಹಾ ಕೊಡುವುದು, ಊಟ ಬಡಿಸುವುದು, ಚಮಚ ಎಣಿಸುವುದು. ಎಪ್ಪತ್ತೆರಡರಲ್ಲಿ ಊರಿಗೆ ಬಂದ ದಿನ ಯಾರೋ ಹಡಗಿನಲ್ಲಿ ಏನು ಕೆಲಸ ಎಂದು ಕೇಳಿದರು. ಹತ್ತು ಜನ ನಿಂತಿದ್ದರು. "ಕರೆಂಟಿನ ಕಡೆ," ಅಂದುಬಿಟ್ಟೆ. ಮೆಸ್ಸಿನ ಕೆಟಲ್ಲು ಕರೆಂಟಿನದೇ ಆಗಿತ್ತು, ಪೂರ್ತಿ ಸುಳ್ಳಲ್ಲ. ಆಮೇಲೆ ಅದು ತಾನಾಗಿಯೇ ಬೆಳೆದು ಇಂಜಿನಿಯರ್ ಆಯಿತು. ನಮ್ಮೂರಲ್ಲಿ ಕರೆಂಟು ಇರುವುದೇ ಅಪರೂಪ, ಅದರಿಂದ ಹದಿನಾಲ್ಕು ವರ್ಷ ಮಾನ ಉಳಿದಿದೆ.

ಮನೆಯಾಕೆಗೂ ಗೊತ್ತಿಲ್ಲ. ಅವಳಿಗೆ ಇಂಥದ್ದೆಲ್ಲ ತಿಳಿಯುವುದೂ ಇಲ್ಲ.

ನವೆಂಬರ್ ೧೨, ಬುಧವಾರ

ಎರಡು ರಾತ್ರಿ ನಿದ್ದೆ ಇಲ್ಲ. ಮೂವತ್ತು ಸರಿಯೇ ಇರಬೇಕು. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳೋಣ ಎಂದು ಹೊರಟೆ. ಕುಂದಗೋಳದಲ್ಲಿ ಎಲ್ಲರೂ ಗುರುತಿನವರು. ಅದಕ್ಕೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಗದಗಿನ ರೈಲು ಹಿಡಿದು ಅಣ್ಣಿಗೇರಿಯಲ್ಲಿ ಇಳಿದೆ. ಅಲ್ಲಿ ನನ್ನನ್ನು ನಾಯಿಯೂ ಗುರುತಿಸುವುದಿಲ್ಲ.

ಬಸ್‌ಸ್ಟ್ಯಾಂಡಿನ ಬಾಜು ಗುಲಾಮಹುಸೇನ ಎಂಬವನ ಬ್ಯಾಟರಿ ಅಂಗಡಿ ಇದೆ. ಮೂವತ್ತರ ಹುಡುಗ, ಎಡ ಹುಬ್ಬು ಅರ್ಧ ಇಲ್ಲ. ಟ್ರ್ಯಾಕ್ಟರಿನವು, ಲಾರಿಯವು, ಮೈಕ್‌ಸೆಟ್ಟಿನವು, ನೆಲದ ತುಂಬ ಬ್ಯಾಟರಿಗಳು. ಒಂದು ಗ್ಯಾರೇಜ್ ಚಾರ್ಜರು ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು. ನಾನು ನೇವಿಯವನೆಂದೂ, ಒಂದು ಸಣ್ಣ ವಿಷಯದಲ್ಲಿ ಅವನ ಅಭಿಪ್ರಾಯ ಕೇಳಬಯಸಿದ್ದೇನೆಂದೂ ಹೇಳಿದೆ.

"ಕೇಳ್ರಿ ಕಾಕಾ. ಮೊದಲ ಈ ಕ್ಲಿಪ್ ಸ್ವಲ್ಪ ಹಚ್ಚಿ ಕೊಡ್ರಿ," ಎಂದು ಕೆಂಪು ವೈರನ್ನು ನನ್ನ ಕೈಗೆ ಕೊಟ್ಟ. ಬ್ಯಾಟರಿಯ ಮೇಲೆ ವೈರ್ ಹಚ್ಚುವ ಎರಡು ಸೀಸದ ಮೊಳಕೆ ಇದ್ದವು. ಯಾವುದಕ್ಕೆ ಹಚ್ಚಬೇಕು?

"ಅದು ಹಡಗಿನ ಮ್ಯಾಲ ಐತಿ," ಎಂದೆ. "ಒಂದೊಂದ ಹಡಗಿನಾಗ ಒಂದೊಂದ ಥರ."

ಅವನು ನಗಲಿಲ್ಲ, ಅದು ನಕ್ಕದ್ದಕ್ಕಿಂತ ಹೆಚ್ಚಾಯಿತು. "ಕಾಕಾ, ನಾಳಿಂದ ಬರ್ರಿ. ಕುಂತ ನೋಡ್ರಿ. ಕೈಯಾಗಿನ ಕೆಲಸ ಬಾಯಿಲೆ ಹೇಳಾಕ ಬರೂದಿಲ್ಲ," ಎಂದ.

ಅವನಿಗೆ ಮಾತಿನ ರೀತಿ ಗೊತ್ತಿಲ್ಲ. ಆದರೂ ಒಂದು ದಿನ ಹೋಗಿ ಬಂದರೆ ಏನೂ ಸವೆಯುವುದಿಲ್ಲ.

ನವೆಂಬರ್ ೧೪, ಶುಕ್ರವಾರ

ಹೋದೆ. ಬ್ಯಾಟರಿಯ ಆರು ಬಾಯಿಗಳಿಗೆ ಬ್ಯಾಟರಿ ನೀರು ಹಾಕುವ ಕೆಲಸ ಕೊಟ್ಟ. ಒಳಗಿನ ಸೀಸದ ಹಾಳೆಗಳ ಮೇಲೆ ಒಂದು ಬೆರಳು ಬರುವಷ್ಟು, ಹೆಚ್ಚಿಲ್ಲ ಕಡಿಮೆಯಿಲ್ಲ. ನನ್ನ ಕೈ ಒಂದು ಹನಿಯನ್ನೂ ಚೆಲ್ಲಲಿಲ್ಲ. "ಕೈ ಭಾಳ ಚೊಲೋ ಐತಿ ಕಾಕಾ, ಎಲ್ಲಿ ಕಲ್ತಿರಿ?" ಎಂದು ಕೇಳಿದ. ತೂಗುವ ಹಡಗಿನಲ್ಲಿ ಕಮಾಂಡರನ ಕಪ್ಪಿಗೆ ಚಹಾ ಹಾಕಿ ಕಲಿತದ್ದು ಎಂದು ಹೇಳಲಿಲ್ಲ. "ಸಮುದ್ರದಾಗ," ಎಂದೆ.

ಅವನ ತಾಯಿ ಖಾಸಿಂಬಿ ಮಧ್ಯಾಹ್ನ ರೊಟ್ಟಿ ತಂದುಕೊಟ್ಟರು, ನನಗೂ. ನಾನು ಬೇಡ ಎನ್ನುವಷ್ಟರಲ್ಲಿ ಕೈಯಲ್ಲಿ ಇತ್ತು.

ನವೆಂಬರ್ ೧೯, ಬುಧವಾರ

ಇವತ್ತು ಧೈರ್ಯ ಮಾಡಿ ದೋಣಿಯ ವಿಷಯ ಎತ್ತಿದೆ. ಒಬ್ಬ ಪರಿಚಯಸ್ಥರು ಅದಕ್ಕೆ ಮೂವತ್ತು ಆಂಪಿಯರ್ ಚಾರ್ಜರ್ ಬೇಕು ಎಂದಿದ್ದಾರೆ, ಹೇಗೆ?

"ಯಾವ ಶ್ಯಾಣ್ಯಾ ಹೇಳಿದ?" ಎಂದು ಕೇಳಿದ ಗುಲಾಮಹುಸೇನ.

"ಹುಬ್ಬಳ್ಳಿಯವರೊಬ್ಬರು," ಎಂದೆ.

"ಕಾಕಾ, ಬ್ಯಾಟರಿ ಅಂದ್ರ ಎಮ್ಮಿ ಇದ್ದಂಗ. ಹಿಂಡಿದಷ್ಟ ಮೇವು ಹಾಕಬೇಕು. ಹೊಟ್ಟಿ ತುಂಬಿದ ಮ್ಯಾಲೂ ತುರುಕಿದ್ರ ಉಬ್ಬರ ಆಗತೈತಿ. ನೂರರ ಬ್ಯಾಟರಿಗೆ ಹತ್ತು ಆಂಪಿಯರ್ ಸಾಕು, ಹತ್ತರಾಗ ಒಂದ ಪಾಲು. ಮೂವತ್ತು ಹಾಕಿದ್ರ ಒಳಗಿನ ನೀರು ಕುದೀತೈತಿ, ಹಾಳಿ ಸೊಟ್ಟ ಆಗತಾವ, ಗ್ಯಾಸ್ ಏಳತೈತಿ. ಆ ಗ್ಯಾಸಿಗೆ ಒಂದ ಕಿಡಿ ಬಿದ್ರ..." ಎಂದು ತನ್ನ ಅರ್ಧ ಹುಬ್ಬು ತೋರಿಸಿದ. ಒಬ್ಬ ಲಾರಿ ಡ್ರೈವರು ಬೀಡಿ ಹಚ್ಚಿಕೊಂಡೇ ಬ್ಯಾಟರಿಯೊಳಗೆ ಇಣುಕಿದ್ದನಂತೆ. ಡ್ರೈವರನಿಗೆ ಏನೂ ಆಗಲಿಲ್ಲ, ಬಾಜು ನಿಂತ ಇವನ ಹುಬ್ಬು ಹೋಯಿತು.

"ಮತ್ತ ನಿಮ್ಮ ಚಾರ್ಜರ್ ದೊಡ್ಡದೈತಲ್ಲ?" ಎಂದೆ.

"ನಾ ಇಲ್ಲಿ ಕುಂತಿರತೀನಲ್ಲ. ತುಂಬೂದರಾಗ ಬಂದ್ ಮಾಡತೀನಿ. ದೋಣ್ಯಾಗ ಆರ ದಿನ ಯಾರ ಕುಂತಿರತಾರ?"

ತಾನೇ ತುಂಬಿ ತಾನೇ ನಿಲ್ಲುವ ಚಾರ್ಜರ್ ಇದೆಯೇ ಎಂದು ಕೇಳಿದೆ. ಅದು ಅವನಿಗೂ ಗೊತ್ತಿರಲಿಲ್ಲ. "ನನಗ ಗೊತ್ತಿಲ್ಲ ಕಾಕಾ," ಎಂದು ಹಾಗೆಯೇ ಹೇಳಿದ, ಉಗುಳು ನುಂಗಲಿಲ್ಲ, ಆಕಾಶ ನೋಡಲಿಲ್ಲ. ಗಿರಾಕಿಗಳ ಮುಂದೆಯೇ ಹೇಳಿದ. ವಿಚಿತ್ರ ಮನುಷ್ಯ. ಯಾರೂ ಎದ್ದು ಹೋಗಲೂ ಇಲ್ಲ. "ಕೇಳೂಣು. ಟೆಲಿಫೋನ್ ಎಕ್ಸ್‌ಚೇಂಜಿನಾಗ ಲಕ್ಷ್ಮಪ್ಪ ಅಂತ ಅದಾನ. ಅವನ ಬ್ಯಾಟರಿ ವರ್ಷಾನಗಟ್ಟಲೆ ಬಂದ್ ಆಗೂದಿಲ್ಲ," ಎಂದ.

ಮೂವತ್ತು ಎಂದು ಹೇಳಿದ್ದು ಬರೀ ಮಾತು. ಮಾತಿನಿಂದ ಬ್ಯಾಟರಿ ಕುದಿಯುವುದಿಲ್ಲ. ಅಲ್ಲವೇ?

ನವೆಂಬರ್ ೨೨, ಶನಿವಾರ

ಇವತ್ತು ಮನೆಯಲ್ಲಿ ಕೋರ್ಟು ನಡೆಯಿತು. ಮನೆಯಾಕೆ ಶಿವಗಂಗವ್ವ ನನ್ನ ಧೋತರವನ್ನು ಬಿಸಿಲಿಗೆ ಹಿಡಿದಳು. ಜೋಳ ಸೋಸಬಹುದು, ಅಷ್ಟು ತೂತು.

"ಇವೇನ್ರಿ?"

"ಇಲಿ."

"ಉಟ್ಟ ಧೋತ್ರ ಇಲಿ ಕಡೀತಾವ? ವಾರದಾಗ ನಾಕ ಸಲ ಅಣ್ಣಿಗೇರಿಗೆ ಹೊಂಟೀರಿ. ಮಾಳಪ್ಪನ ಸೊಸಿ ನಿಮ್ಮನ್ನ ರೈಲಿನಾಗ ನೋಡ್ಯಾಳ. ಅಲ್ಲಿ ಯಾರದಾರ, ಹೇಳ್ರಿ. ನಾ ಅಳೂದಿಲ್ಲ. ಹೇಳ್ರಿ."

ನಲವತ್ತೊಂಬತ್ತು ವರ್ಷದ ಖಾಸಗಿ ಜೀವನದಲ್ಲಿ ನನ್ನ ಮೇಲೆ ಇಂಥ ಆರೋಪ ಬಂದದ್ದು ಮೊದಲ ಸಲ. ಒಳಗೊಳಗೆ ತುಸು ಹಿತವೂ ಆಯಿತೆಂದು ಇಲ್ಲಿ ಬರೆಯುತ್ತೇನೆ. ಆದರೆ ಅವಳು ಒಲೆಯ ಮುಂದಿನ ಊದುಗೊಳವೆ ಎತ್ತಿಕೊಂಡಿದ್ದಳು. ಎಲ್ಲ ಹೇಳಿದೆ. ಆಸಿಡ್ ಸಿಡಿದು ತೂತಾದದ್ದು, ಗುಲಾಮಹುಸೇನ, ದೋಣಿ, ಮೂವತ್ತು ಆಂಪಿಯರ್, ಕಡೆಗೆ ಸ್ಟೀವರ್ಡ್ ಕೆಲಸವನ್ನೂ.

ಅವಳು ಊದುಗೊಳವೆಯನ್ನು ಒಲೆಯ ಬಾಜು ಇಟ್ಟಳು. ಊರಿಗೆಲ್ಲ ಸಾರುತ್ತಾಳೆ ಅಂದುಕೊಂಡೆ. ಕಡೆಗೆ ಕೇಳಿದಳು:

"ಹದಿನೈದ ವರ್ಷ ಕಂಡವರಿಗೆಲ್ಲ ಚಹಾ ಮಾಡಿ ಕೊಟ್ರಿ?"

"ಹೂಂ."

"ನನಗ ಒಂದ ದಿನ ಒಂದ ಕಪ್ಪ ಕೊಟ್ಟಿಲ್ಲ."

ಅದೊಂದೇ ಅವಳ ತಕರಾರು.

ನವೆಂಬರ್ ೨೩, ಭಾನುವಾರ

ಬೆಳಿಗ್ಗೆ ಚಹಾ ಮಾಡಿದೆ. ತಟ್ಟೆಯಲ್ಲಿಟ್ಟು, ಎಡಗೈ ಬೆನ್ನ ಹಿಂದೆ ಇಟ್ಟು, ಬಗ್ಗಿ ಕೊಟ್ಟೆ. ಹೇಗಿದೆ ಎಂದು ಕೇಳಿದೆ. "ನಡೀತೈತಿ," ಎಂದಳು. ಎರಡನೆಯ ಕಪ್ಪೂ ಕುಡಿದಳು.

ನವೆಂಬರ್ ೨೬, ಬುಧವಾರ

ಎಕ್ಸ್‌ಚೇಂಜ್ ಒಂದೇ ಕೋಣೆಯದು. ಲಕ್ಷ್ಮಪ್ಪ ಅಲ್ಲಿಯ ಮೆಕ್ಯಾನಿಕ್. ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಕರೆದುಕೊಂಡ. ಗೋಡೆಗುಂಟ ಗಾಜಿನ ಬ್ಯಾಟರಿಗಳು, ಒಳಗೆ ಒಂದು ಗುಳ್ಳೆ ಸಹಿತ ಇಲ್ಲ, ತಪಸ್ಸಿಗೆ ಕುಳಿತಂತಿದ್ದವು. ಒಂಬತ್ತು ವರ್ಷದಿಂದ ಅವುಗಳ ಚಾರ್ಜರನ್ನು ಯಾರೂ ಬಂದ್ ಮಾಡಿಲ್ಲ.

"ಎರಡ ಟಾಕಿ ಅದಾವ ಅನ್ಕೋರಿ," ಎಂದ ಲಕ್ಷ್ಮಪ್ಪ. "ಮ್ಯಾಲಿನ ಟಾಕಿ ನೀರಿನ ಮಟ್ಟ ಒಂದ ಗೇಣ ಎತ್ತರ ಇದ್ರ ಕೆಳಗಿನದಕ್ಕ ನೀರ ಹರೀತೈತಿ. ಮಟ್ಟ ಸಮ ಆತು, ತಾನ ನಿಂತ ಬಿಡತೈತಿ. ನಮ್ಮ ಚಾರ್ಜರ್ ಹಂಗ. ನಿಮ್ಮ ಹನ್ನೆರಡ ವೋಲ್ಟಿನ ಬ್ಯಾಟರಿಗೆ ಹದಿಮೂರೂವರಿ ಮಟ್ಟ. ಅಲ್ಲಿಗೆ ಬಂದು ನಿಂತು, ಸೋರಿದಷ್ಟ ಮಾತ್ರ ತುಂಬಬೇಕು. ಗ್ಯಾರೇಜಿನ ಚಾರ್ಜರ್ ಅಂದ್ರ ಪಂಪ್‌ಸೆಟ್. ಟಾಕಿ ತುಂಬಿ ಹೊರಗ ಹರದ್ರೂ ಅದಕ್ಕ ಖಬರ ಇಲ್ಲ."

ಇನ್ನೊಂದು ಮಾತನ್ನೂ ಹೇಳಿದ. ಚಾರ್ಜರಿನೊಳಗೆ ದಂಡೆಯ ಕರೆಂಟಿನ ತಂತಿಸುರುಳಿ ಬೇರೆ, ಬ್ಯಾಟರಿಯ ಸುರುಳಿ ಬೇರೆ ಇರಬೇಕು, ನಡುವೆ ಒಂದು ಎಳೆಯ ಸಂಬಂಧವೂ ಇರಬಾರದು. ಇಲ್ಲದಿದ್ದರೆ ಮನೆಯ ಕರೆಂಟು ನೇರವಾಗಿ ದೋಣಿಗೆ, ದೋಣಿಯಿಂದ ನೀರಿಗೆ ಇಳಿದೀತು. "ನಿಮ್ಮ ಡಾಕ್ಟರ್ ನೀರಾಗ ಈಸತಾರೇನು?"

ಈಸುತ್ತಾರೆ. ಊರೆಲ್ಲ ಅದನ್ನೂ ಆಡಿಕೊಳ್ಳುತ್ತದೆ.

ರೈಲಿನಲ್ಲಿ ಬರುವಾಗ ಪಕ್ಕದಲ್ಲಿದ್ದ ಅಣ್ಣಿಗೇರಿಯ ಕಾಳಿನ ವ್ಯಾಪಾರಿಗೆ ಎರಡು ಟಾಕಿಯ ವಿಷಯ ಪೂರ್ತಿ ವಿವರಿಸಿದೆ. ಹೆಬಸೂರು ಬರುವುದರೊಳಗೆ ಅವನು ಬೇರೆ ಸೀಟಿಗೆ ಹೋದ. ಅವನಿಗೆ ಆಸಕ್ತಿ ಕಡಿಮೆ.

ನವೆಂಬರ್ ೨೮, ಶುಕ್ರವಾರ

ಅನಾಹುತವಾಗಿದೆ.

ಬೆಳಿಗ್ಗೆ ಶಂಭುಲಿಂಗಪ್ಪನವರು ಕಟ್ಟೆಯ ಮೇಲೆ ಸಿಕ್ಕು, "ನೀವ್ ಹೇಳಿದಂಗ ಮೂವತ್ತರದ ಕಳಿಸೇನ್ರಿ. ಟ್ರ್ಯಾಕ್ಟರ್ ಅಂಗಡ್ಯಾಗ ತರಿಸಿ, ಹೋದ ವಾರನ ಲಾರಿಗೆ ಹಾಕಿದೆ. ಅಕ್ಕ ಐತವಾರ ಹಚ್ಚಿಸಿದ್ಲಂತ. ಭಾರಿ ಗುಂಯ್ ಅಂತೈತಂತ," ಎಂದರು.

ಮುಚ್ಚಿದ ದೋಣಿ. ಐದು ದಿನದಿಂದ ಕುದಿಯುತ್ತಿರುವ ಬ್ಯಾಟರಿ. ಭಾನುವಾರ ಅವರು ಬಂದು ಬಾಗಿಲು ತೆರೆದು, ಸ್ಟೋ ಹಚ್ಚಲು ಕಡ್ಡಿ ಗೀರಿದರೆ?

"ಅದನ್ನ ತೆಗಸ್ರಿ. ಅದು ತಪ್ಪು," ಎಂದೆ.

"ನೀವ ಹೇಳಿದ್ರಲ್ರಿ?"

"ನನಗ ಗೊತ್ತಿರಲಿಲ್ರಿ. ಸುಳ್ಳ ಹೇಳಿದೆ. ನಾ ಇಂಜಿನಿಯರ್ ಅಲ್ರಿ. ಹಡಗಿನಾಗ ಆಫೀಸರ್ ಮಂದಿಗೆ ಚಹಾ ಕೊಡತಿದ್ದೆ."

ಏಳೆಂಟು ಜನ ಇದ್ದರು. ಹದಿನಾಲ್ಕು ವರ್ಷ ಹೆದರಿದ ಗಳಿಗೆ ಇದೇ ಎಂದು ತಲೆ ತಗ್ಗಿಸಿದೆ.

ಮಾಳಪ್ಪ ಎದ್ದು ನಿಂತು ಕೈ ಮುಗಿದ. "ನೋಡ್ರಪಾ. ನೌಕರಿ ಬಿಟ್ಟು ಇಷ್ಟ ವರ್ಷ ಆದ್ರೂ ಗುಟ್ಟ ಬಿಡವಲ್ರು."

"ಆಣಿ ಮಾಡಿಸಿರತಾರಪಾ ಸರಕಾರದವರು," ಎಂದರು ಶಂಭುಲಿಂಗಪ್ಪನವರು, ದನಿ ತಗ್ಗಿಸಿ. "ಚಹಾ ಕೊಡತಿದ್ನಿ ಅಂತ ಹೇಳಬೇಕು ಅಂತ ಕಾಗದ ಬರಿಸಿಕೊಂಡಿರತಾರ."

"ಅಲ್ರಿ, ಖರೇನ ಚಹಾನ ಕೊಡತಿದ್ದೆ."

"ಆತ್ರಿ, ಆತ್ರಿ. ನಾವೇನ್ ಕೇಳೂದಿಲ್ರಿ."

ಎಷ್ಟು ಹೇಳಿದರೆ ಅಷ್ಟು ಮರ್ಯಾದೆ ಹೆಚ್ಚಾಯಿತು. ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ಧ್ವಜ ಏರಿಸಲು ನನ್ನನ್ನೇ ಕರೆಯಬೇಕೆಂದು ಅಲ್ಲೇ ಠರಾವು ಆಯಿತು. ಚಾರ್ಜರಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮನೆಗೆ ಬಂದು ಶಿವಗಂಗೆಗೆ ಹೇಳಿದೆ. "ಮಂದಿ ಬಿಡ್ರಿ. ಕಾರವಾರಕ್ಕ ನಾವ ಹೋಗೂಣು," ಎಂದಳು. ನಾವು ಎಂದಳು.

ನವೆಂಬರ್ ೨೯, ಶನಿವಾರ

ಮೊದಲ ರೈಲಿಗೆ ಅಣ್ಣಿಗೇರಿ. ಲಕ್ಷ್ಮಪ್ಪ ಕಾರವಾರದ ಆಸ್ಪತ್ರೆಗೆ ಟ್ರಂಕ್ ಕಾಲ್ ಹಚ್ಚಿಕೊಟ್ಟ. ಸಮುದ್ರದ ಸದ್ದೋ ಲೈನಿನ ಸದ್ದೋ, ಏನೂ ಕೇಳಿಸುತ್ತಿರಲಿಲ್ಲ. ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರು, ಕಂಪೌಂಡರ್ ಸಿಕ್ಕ. ಬ್ಯಾಟರಿಯ ಹೊಟ್ಟೆ ಉಬ್ಬಿರುತ್ತದೆ, ಕೂಡಲೇ ಕರೆಂಟ್ ತೆಗೆಯಿರಿ ಎಂದು ನಾಲ್ಕು ಸಲ ಕೂಗಿದೆ. "ಯಾವ ವಾರ್ಡ್?" ಎಂದು ಕೇಳಿದ. ಲೈನ್ ಕಡಿಯಿತು.

ಗುಲಾಮಹುಸೇನ ಉಸ್ತಾದರು ಅಂಗಡಿಯ ಬಾಗಿಲು ಹಾಕಿದರು. ಒಂದು ತುಂಬಿದ ಬ್ಯಾಟರಿಯನ್ನೂ ಮೀಟರನ್ನೂ ಬುಟ್ಟಿಯಲ್ಲಿಟ್ಟುಕೊಂಡು ನನ್ನ ಜೊತೆ ಹುಬ್ಬಳ್ಳಿಗೆ ಬಂದರು. ಶನಿವಾರದ ಗಿರಾಕಿ ಬಿಟ್ಟು ಯಾಕೆ ಎಂದು ಕೇಳಿದ್ದಕ್ಕೆ, "ನೀವ್ ನನ್ನ ಅಂಗಡ್ಯಾಗಿನ ಮನಶ್ಯಾ ಅಲ್ಲೇನು," ಎಂದರು.

ಹುಬ್ಬಳ್ಳಿಯ ಅಂಗಡಿಯವನು ಮೂರು ಚಾರ್ಜರ್ ಇಳಿಸಿದ. ಉಸ್ತಾದರು ಕೈ ಕಟ್ಟಿ ನಿಂತರು. "ಕಾಕಾ, ನೀವ ಆರಸ್ರಿ."

ಮೊದಲನೆಯದು ಹಸಿರು ಬಣ್ಣ, ನೋಡಲು ಚಂದ. ತುಂಬಿದ ಬ್ಯಾಟರಿಗೆ ಹಚ್ಚಿ ಐದು ನಿಮಿಷ ನೋಡಿದೆ. ಆಂಪಿಯರ್ ತೋರಿಸುವ ಮುಳ್ಳು ಇದ್ದಲ್ಲೇ ನಿಂತಿತು, ಬ್ಯಾಟರಿಯಲ್ಲಿ ಗುಳ್ಳೆ ಎದ್ದಿತು. ಪಂಪ್‌ಸೆಟ್. ಎರಡನೆಯದರ ಮೇಲೆ ಆಟೋಮ್ಯಾಟಿಕ್ ಎಂದು ಚೀಟಿ ಅಂಟಿಸಿತ್ತು. ಕೆಂಪು ದೀಪವೇನೋ ತಾನೇ ಆರಿತು, ಆದರೆ ಮುಳ್ಳು ಕೆಳಗೆ ಬರಲಿಲ್ಲ. "ದೀಪ ಅಷ್ಟ ಆಟೋಮ್ಯಾಟಿಕ್ ಏನ್ರಿ?" ಎಂದೆ. ಅಂಗಡಿಯವನು ಬೇರೆ ಕಡೆ ನೋಡಿದ. ಮೂರನೆಯದು ಸಣ್ಣದು, ಕಪ್ಪು, ಕಲ್ಲಿನಷ್ಟು ಭಾರ, ಧೂಳು ತಿಂದಿತ್ತು. ಹತ್ತು ಆಂಪಿಯರಿನದು. ಹಚ್ಚಿದ ಕೂಡಲೇ ಮುಳ್ಳು ಮೇಲೆ ಹೋಗಿ, ಆಮೇಲೆ ಎತ್ತು ಗೋದಲಿಗೆ ಬರುವ ಹಾಗೆ ಮೆಲ್ಲಗೆ ಇಳಿಯುತ್ತಾ ಬಂತು. ಸೊನ್ನೆಯ ಬಾಜು ನಿಂತಿತು. ಮೀಟರು ಹದಿಮೂರೂವರೆ ತೋರಿಸಿತು. ಪ್ಲಗ್ ಕಿತ್ತು ಎರಡು ಕಡೆಯ ಸುರುಳಿಗಳನ್ನೂ ಮೀಟರಿನಿಂದ ನೋಡಿದೆ. ಒಂದಕ್ಕೊಂದು ಸಂಬಂಧ ಇಲ್ಲ.

"ಇದ," ಎಂದೆ.

"ನೀವು ಇಂಜಿನಿಯರ್ ಏನ್ರಿ?" ಎಂದ ಅಂಗಡಿಯವನು.

"ಇಲ್ರಿ. ಇವರ ಕೈಯಾಗ ಕಲಿಯಾಕತ್ತೀನಿ."

ಕಪ್ಪು ಚಾರ್ಜರು ಈಗ ಹಾಸಿಗೆಯ ಪಕ್ಕದಲ್ಲಿದೆ. ಬೆಳಿಗ್ಗೆ ಬಸ್ಸು.

ಡಿಸೆಂಬರ್ ೧, ಸೋಮವಾರ. ಕಾರವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಚಾರ್ಜರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತೆ. ಕಲಘಟಗಿಯಲ್ಲಿ ಯಾರೋ ಬಣ್ಣದ ತೊಟ್ಟಿಲನ್ನು ಬಸ್ಸಿನ ಮೇಲೆ ಹಾಕಿಸಲು ಅರ್ಧ ತಾಸು ತೆಗೆದರು. ನಾನು ಚಡಪಡಿಸಿದೆ. "ಕೂಸಿಂದ ಐತ್ರಿ, ಸುಮ್ನಿರ್ರಿ," ಎಂದಳು ಶಿವಗಂಗೆ. ಘಟ್ಟದಲ್ಲಿ ಅವಳು ಮೂರು ಜನರಿಗೆ ನಿಂಬೆಹಣ್ಣು ಹಂಚಿದಳು.

ಧಕ್ಕೆ ಮುಟ್ಟಿದಾಗ ಮೂರು ಗಂಟೆ. ದೋಣಿ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು, ಎರಡು ಬಂಡಿಯ ಉದ್ದ. ಪ್ಯಾಂಟು ಹಾಕಿಕೊಂಡ ಎತ್ತರದ ಹೆಂಗಸು ಅದರ ಸಣ್ಣ ಬಾಗಿಲಿನಲ್ಲಿ ಬಗ್ಗುತ್ತಿದ್ದರು. ಒಂದು ಕೈಯಲ್ಲಿ ಚಹಾ ಪುಡಿಯ ಡಬ್ಬಿ, ಮತ್ತೊಂದರಲ್ಲಿ ಕಡ್ಡಿಪೆಟ್ಟಿಗೆ. ಹುಳಿ ವಾಸನೆ ನಮ್ಮವರೆಗೂ ಬರುತ್ತಿತ್ತು.

"ಡಾಕ್ಟರ, ಕಡ್ಡಿ ಗೀರಬ್ಯಾಡ್ರಿ," ಎಂದೆ. ಬಾಯಿಂದ ಗಾಳಿ ಮಾತ್ರ ಬಂತು.

ಹೊಲದ ಆ ತುದಿಯಿಂದ ಈ ತುದಿಗೆ ಕರೆಯುವ ದನಿ ಶಿವಗಂಗೆಯದು. "ಅಕ್ಕಾರ, ಕಡ್ಡಿ ಕೆಳಗ ಇಡ್ರಿ."

ಧಕ್ಕೆಯ ಮೇಲಿದ್ದ ಮೀನುಗಾರರು ಸಹಿತ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

ನಾನು ಬ್ಯಾಟರಿಯ ಕ್ಲಿಪ್ಪಿಗೆ ಕೈ ಹಾಕಲಿಲ್ಲ, ಅಲ್ಲಿ ಕಿತ್ತರೆ ಕಿಡಿ ಹಾರುತ್ತದೆ. ಮೊದಲು ಶೆಡ್ಡಿಗೆ ಓಡಿ ಕರೆಂಟ್ ಬಂದ್ ಮಾಡಿದೆ. ದೋಣಿಯ ಎಲ್ಲ ಕಿಂಡಿ ತೆರೆದು, ಗಾಳಿ ಆಡಲಿ ಎಂದು ಒಂದು ತಾಸು ಯಾರನ್ನೂ ಒಳಗೆ ಬಿಡಲಿಲ್ಲ. ಒಳಗೆ ಹೋಗಿ ನೋಡಿದರೆ ದೀಪದ ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು, ನೀರು ಹಾಳೆಗಳಿಗಿಂತ ಕೆಳಗಿತ್ತು, ಮುಟ್ಟಿದರೆ ಹಂಚಿನಂತೆ ಸುಡುತ್ತಿತ್ತು. ಅದು ಹೋಯಿತು. ಇಂಜಿನಿನ ಬ್ಯಾಟರಿಗೆ ವೈರ್ ಹಚ್ಚಿರಲಿಲ್ಲ, ಬದುಕಿತ್ತು.

ಹೊರಗೆ ಬಂದಾಗ ಮಹಾದೇವಕ್ಕ ಧಕ್ಕೆಯ ಅಂಚಿನಲ್ಲಿ ಕುಳಿತಿದ್ದರು. "ನಿನ್ನೆ ಫೋನ್ ಮಾಡಿದಾಂವ ನೀನ ಏನು? ಅಣ್ಣಿಗೇರಿ ಪೇಶಂಟ್ ಹೊಟ್ಟಿ ಉಬ್ಬೇತಿ, ಕರೆಂಟ್ ತೆಗೀರಿ ಅಂತ ನಮ್ಮ ಕಂಪೌಂಡರ್ ಬರಕೊಂಡಿದ್ದ. ಎರಡೂ ವಾರ್ಡ್ ಹುಡುಕಿದೆ ನಾನು."

ಎಲ್ಲ ಹೇಳಿದೆ. ಇಲ್ಲಿ ಕೇಳುವವರು ನಂಬಿದರು.

"ಮತ್ತ ಮೂವತ್ತು ಅಂತ ಯಾಕ ಹೇಳಿದಿ?"

"ಗೊತ್ತಿರಲಿಲ್ರಿ."

"ಗೊತ್ತಿಲ್ಲ ಅಂತ ಹೇಳಬೇಕಿತ್ತು."

"ಹಂಗ ಹೇಳಬಹುದು ಅಂತನೂ ಗೊತ್ತಿರಲಿಲ್ರಿ."

ಅವರು ನನ್ನನ್ನು ರೋಗಿಯನ್ನು ನೋಡುವಂತೆ ನೋಡಿದರು. "ನಿನ್ನ ಮಾತು ಕೇಳಿದ್ದಕ್ಕ ಇವತ್ತ ನಾ ಸಾಯತಿದ್ದೆ. ಅದು ನೆನಪಿರಲಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಡಾಕ್ಟರಕಿ ಓದಿದ ಮ್ಯಾಲ ಗೊತ್ತಿಲ್ಲ ಅನ್ನೂ ಮಾತು ಹೇಳಾಕ ನನಗ ಇಪ್ಪತ್ತ ವರ್ಷ ಹಿಡೀತು. ನಿನಗ ಹದಿನಾಲ್ಕು. ಅಡ್ಡಿ ಇಲ್ಲ," ಎಂದರು.

ಇವತ್ತು ಬೆಳಿಗ್ಗೆ ಹೊಸ ಬ್ಯಾಟರಿ ಬಂತು. ಚಾರ್ಜರನ್ನು ಬ್ಯಾಟರಿಯ ಮೇಲಲ್ಲ, ಆಸಿಡ್ ಹಬೆ ತಾಗದಂತೆ ಬಾಜು ಹಲಗೆಗೆ, ಗಾಳಿ ಆಡುವಲ್ಲಿ ಬಿಗಿದೆ. ಕ್ಲಿಪ್ ಹಚ್ಚಿದ ಮೇಲೆ ಶೆಡ್ಡಿನ ಸ್ವಿಚ್ ಹಾಕಿಸಿದೆ. ಮುಳ್ಳು ಮೇಲೆ ಹೋಯಿತು. ಅದು ಇಳಿಯುವವರೆಗೆ ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಗೆ ಸೊನ್ನೆಯ ಬಾಜು ಬಂದು ಕುಳಿತಿತು. ಯಾಕೋ ಕಣ್ಣು ಮಂಜಾಯಿತು. ಆಸಿಡ್ ಹಬೆ ಇನ್ನೂ ಉಳಿದಿರಬೇಕು.

ಡಿಸೆಂಬರ್ ೨, ಮಂಗಳವಾರ. ಕಾರವಾರ

ನಿನ್ನೆ ಸಂಜೆ, ಭಾನುವಾರ ಅಲ್ಲದಿದ್ದರೂ, ಮಹಾದೇವಕ್ಕ ನಮ್ಮಿಬ್ಬರನ್ನೂ ದೋಣಿಯಲ್ಲಿ ಕರೆದುಕೊಂಡು ಹೋದರು. ಹಾಯಿ ಬಿಚ್ಚಿದ್ದೇ ತಡ, ದೋಣಿ ಒಂದು ಮಗ್ಗುಲಿಗೆ ಮಲಗಿ ಓಡತೊಡಗಿತು. ಹದಿನೈದು ವರ್ಷ ದೊಡ್ಡ ಹಡಗಿನ ಅಡುಗೆಮನೆಯ ಬಾಜು ಇದ್ದವನು ನಾನು, ಅಲ್ಲಿ ಸಮುದ್ರ ಗುಂಡು ಕಿಟಕಿಯಷ್ಟೇ ಕಾಣುತ್ತಿತ್ತು. ಇಲ್ಲಿ ಅದ್ದಿದರೆ ಕೈಗೆ ಸಿಗುತ್ತಿತ್ತು. ಹತ್ತು ನಿಮಿಷದಲ್ಲಿ ವಾಂತಿ ಶುರುವಾಯಿತು. ಒಳಗೆ ಹೋಗಿ ಬ್ಯಾಟರಿಗಳ ಬಾಜು ಬಕೆಟ್ ಹಿಡಿದು ಮಲಗಿದೆ.

ಶಿವಗಂಗೆಗೆ ಏನೂ ಆಗಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಕುಳಿತಿದ್ದಳು. ಮಹಾದೇವಕ್ಕ ಚುಕ್ಕಾಣಿಯ ಹಿಡಿಕೆಯನ್ನು ಅವಳ ಕೈಗೆ ಕೊಟ್ಟರು. ಗಾಳಿ ಬಂದ ಕಡೆಗೆ ಎಳೆಯಬೇಡ, ದೂಡಬೇಡ, ಸುಮ್ಮನೆ ಹಿಡಿದಿರು ಎಂದರು.

"ಎತ್ತ ಹೊಡದಂಗ ಐತ್ರಿ," ಎಂಬುದು ಕೇಳಿಸಿತು. "ಎಳೆಗರ ಎತ್ತು. ಜಗ್ಗೂದು ಒಂದಿಷ್ಟು, ಬಿಡೂದು ಒಂದಿಷ್ಟು."

ಕತ್ತಲಾಗುವ ಹೊತ್ತಿಗೆ ಮಹಾದೇವಕ್ಕ ಸ್ವಿಚ್ ಒತ್ತಿದರು. ನನ್ನ ತಲೆಯ ಮೇಲಿನ ದೀಪ ಹತ್ತಿತು. ಮೀಟರ್ ನೋಡಿದೆ. ಸರಿ ಇತ್ತು. ಮತ್ತೆ ಬಕೆಟ್.

ಡಿಸೆಂಬರ್ ೫, ಶುಕ್ರವಾರ. ಸಂಶಿ

ಬಂದು ಎರಡು ದಿನವಾಯಿತು. ಉಸ್ತಾದರು ಕೂಗಿ ಕಳಿಸಿದ್ದಾರೆ, ನಾಳೆಯಿಂದ ಹೋಗಬೇಕು. ಕಬ್ಬಿನ ಹಂಗಾಮು, ಟ್ರ್ಯಾಕ್ಟರ್ ಬ್ಯಾಟರಿಗಳು ಸಾಲು ನಿಂತಿವೆಯಂತೆ. ಕಾರವಾರದಿಂದ ತಂದ ಆ ಮೂವತ್ತರ ಚಾರ್ಜರನ್ನು ಅವರಿಗೇ ಕೊಡುವುದು ಎಂದು ಶಂಭುಲಿಂಗಪ್ಪನವರು ಒಪ್ಪಿದ್ದಾರೆ. ಅಲ್ಲಿ ಬಾಜು ಕುಳಿತು ಬಂದ್ ಮಾಡುವವರು ಇದ್ದಾರೆ.

ಮಧ್ಯಾಹ್ನ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಶಿವಗಂಗೆ ಸಮುದ್ರ ಹೇಳುತ್ತಿದ್ದಳು. ನಾನು ಒಳಗೆ ಮೈಕ್‌ಸೆಟ್ಟಿನ ಬ್ಯಾಟರಿಯೊಂದರ ಮೊಳಕೆಗಳನ್ನು ಉಜ್ಜುತ್ತಿದ್ದೆ.

"ನೀ ದೋಣಿ ಹೊಡಿಯೂ ಮುಂದ ನಿಮ್ಮವರು ಏನ್ ಮಾಡತಿದ್ರಬೇ?" ಎಂದು ಕೇಳಿದಳು ಮಾಳಪ್ಪನ ಸೊಸೆ ದುರ್ಗವ್ವ. "ಅವರು ಇಂಜಿನಿಯರ್ ಅಲ್ಲ? ಅವರ ಹೊಡಿಬೇಕಿತ್ತು."

ಶಿವಗಂಗೆ ಒಂದು ಗಳಿಗೆ ತಡೆದಳು. "ಅವರು ಕೆಳಗ ಬ್ಯಾಟರಿ ನೋಡಕೋತ ಕುಂತಿದ್ರವಾ. ಅದ ದೊಡ್ಡ ಕೆಲಸ," ಎಂದಳು.

"ಇಲ್ಲಬೇ ದುರ್ಗವ್ವ," ಎಂದು ಒಳಗಿಂದ ಹೇಳಿದೆ. "ಬಕೇಟಿನಾಗ ವಾಂತಿ ಮಾಡಕೋತ ಬಿದ್ದಿದ್ದೆ."

ಪಡಸಾಲೆಯಲ್ಲಿ ಎದ್ದ ನಗು ಓಣಿಯ ಆ ತುದಿಗೆ ಕೇಳಿಸಿರಬೇಕು. ದುರ್ಗವ್ವ ಕಂಬ ಹಿಡಿದುಕೊಂಡು ನಕ್ಕಳು. ಈ ಸಲ ಎಲ್ಲರೂ ನಂಬಿದರು.

ಯಾಕೆ ಹೇಳಿದೆನೋ ಗೊತ್ತಿಲ್ಲ. ಮೊಳಕೆಗಳಿಗೆ ಗ್ರೀಸ್ ಹಚ್ಚುವುದು ಬಾಕಿ ಇತ್ತು, ಹಚ್ಚಿದೆ.